ಮೊದಲ ಮೂರರಲ್ಲಿ ಬಂದರೆ ಸಾಕು: ಗ್ರೇಹೌಂಡ್ ಡರ್ಬಿಯ ಫೈನಲ್ ದಾರಿ

(ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡರ್ಬಿ ಅಂದ ಕೂಡಲೇ ಬೆಂಗಳೂರಿನವರಿಗೆ ರೇಸ್ ಕೋರ್ಸ್ ರಸ್ತೆ ನೆನಪಾಗುತ್ತದೆ, ಕುದುರೆ ನೆನಪಾಗುತ್ತದೆ. ಇವತ್ತು ನಾನು ಹೇಳಹೊರಟಿರುವುದು ನಾಯಿಗಳ ಡರ್ಬಿ. ಇಂಗ್ಲಿಷ್ ಗ್ರೇಹೌಂಡ್ ಡರ್ಬಿ. ಗ್ರೇಹೌಂಡ್ ಅಂದರೆ ಓಟಕ್ಕೆ ಹೆಸರಾದ ನಾಯಿ ತಳಿ. 1927ರಲ್ಲಿ ಲಂಡನ್ನಿನಲ್ಲಿ ಶುರುವಾದ ಈ ಸ್ಪರ್ಧೆ ಯುದ್ಧದ ನಾಲ್ಕು ವರ್ಷ ಬಿಟ್ಟರೆ ಇವತ್ತಿಗೂ ಪ್ರತಿವರ್ಷ ನಡೆಯುತ್ತಿದೆ. ಈಗ ನಡೆಯುವುದು ನಾರ್ಥಾಂಪ್ಟನ್‌ಶೈರ್‌ನ ಟೋಸ್ಟರ್ ಎಂಬ ಊರಿನಲ್ಲಿ. ಬ್ರೆಡ್ ಸುಡುವ ಟೋಸ್ಟರ್ ಅಲ್ಲ, ಊರಿನ ಹೆಸರನ್ನು ಹೇಳುವುದೇ ಹಾಗೆ. 2024ರಲ್ಲಿ ಗೆದ್ದ ನಾಯಿಯ ಮಾಲೀಕನಿಗೆ ಅಲ್ಲಿ ಸಿಕ್ಕ ಬಹುಮಾನ 1,75,000 ಪೌಂಡ್.

ಫೈನಲ್ ಎಷ್ಟು ಹೊತ್ತು ನಡೆಯುತ್ತದೆ ಗೊತ್ತಾ? 500 ಮೀಟರ್, ಸುಮಾರು 28 ಸೆಕೆಂಡು. ಚಹಾ ಲೋಟ ಕೆಳಗಿಟ್ಟು ತಲೆ ಎತ್ತುವಷ್ಟರಲ್ಲಿ ಮುಗಿದಿರುತ್ತದೆ. ಪತ್ರಿಕೆಗಳಲ್ಲಿ, ಟೀವಿಯಲ್ಲಿ ಬರುವುದು ಆ 28 ಸೆಕೆಂಡು ಮಾತ್ರ. ಆದರೆ ನನ್ನ ಮಟ್ಟಿಗೆ ಡರ್ಬಿ ಅಂದರೆ ಫೈನಲ್ ಅಲ್ಲ, ಫೈನಲ್‌ಗೆ ಹೋಗುವ ದಾರಿ. ಆ ದಾರಿಯ ನಿಯಮ ವಿಚಿತ್ರವಾಗಿದೆ. ಅಲ್ಲಿ ಗೆಲ್ಲಲೇಬೇಕು ಅಂತಿಲ್ಲ. ನಾಲ್ಕನೆಯದಾಗಿ ಬರದೇ ಇದ್ದರೆ ಸಾಕು.

ಲೆಕ್ಕ ಹೀಗಿದೆ. ಒಂದು ಓಟಕ್ಕೆ ಆರು ನಾಯಿ. ಮೊದಲ ಮೂರು ಮುಂದಿನ ಸುತ್ತಿಗೆ, ಉಳಿದ ಮೂರು ಮನೆಗೆ. ಪಟ್ಟಿ ಪೂರ್ತಿ ತುಂಬಿದರೆ ಮೊದಲ ಸುತ್ತಿನಲ್ಲಿ 192 ನಾಯಿ, 32 ಓಟ. ಎರಡನೇ ಸುತ್ತಿಗೆ 96, ಮೂರನೆಯದಕ್ಕೆ 48, ಕ್ವಾರ್ಟರ್ ಫೈನಲ್‌ಗೆ 24, ಸೆಮಿಫೈನಲ್‌ಗೆ 12, ಫೈನಲ್‌ಗೆ 6. ಎಲ್ಲ ವರ್ಷವೂ ಸರಿಯಾಗಿ 192 ಬರುವುದಿಲ್ಲ. ಆಗ ಮೊದಲ ಸುತ್ತಿನ ನಿಯಮವನ್ನು ಸ್ವಲ್ಪ ಆಚೀಚೆ ಮಾಡುತ್ತಾರೆ. ಆದರೆ ಪ್ರತಿ ಸುತ್ತಿಗೂ ಅರ್ಧಕ್ಕರ್ಧ ಖಾಲಿ ಅನ್ನುವುದೇ ಇದರ ಎಲುಬು. ಫೈನಲ್ ಮುಟ್ಟಿದ ನಾಯಿ ಅಷ್ಟರಲ್ಲಿ ಐದು ಸಲ ಓಡಿರುತ್ತದೆ, ಆರನೆಯದು ಫೈನಲ್. ಆರೂ ಓಟ ಕೂಡಿಸಿದರೆ ಮೂರು ಕಿಲೋಮೀಟರ್, ಹೆಚ್ಚುಕಮ್ಮಿ ಮೂರು ನಿಮಿಷ. ಆ ಮೂರು ನಿಮಿಷಕ್ಕೆ ಒಂದು ತಿಂಗಳಿಗಿಂತ ಜಾಸ್ತಿ ಸಮಯ ಹಿಡಿಯುತ್ತದೆ. ಕಷ್ಟ ಇರುವುದು ಓಟಗಳ ನಡುವಿನ ದಿನಗಳಲ್ಲಿ. ಗಾಯ ಆಗಬಾರದು, ಹೊಟ್ಟೆ ಕೆಡಬಾರದು, ತೂಕ ಏರುಪೇರಾಗಬಾರದು, ಹುರುಪು ಇಳಿಯಬಾರದು.

ಇದಕ್ಕಿಂತ ಹಳೆಯ ಸ್ಪರ್ಧೆಯೊಂದು ಇತ್ತು, ವಾಟರ್‌ಲೂ ಕಪ್. ಲಿವರ್‌ಪೂಲ್ ಹತ್ತಿರದ ಆಲ್ಟ್‌ಕಾರ್ ಬಯಲಿನಲ್ಲಿ 1836ರಿಂದ ನಡೆಯುತ್ತಿತ್ತು. ಅಲ್ಲಿ ಡರ್ಬಿಯ ಹಾಗೆ ಕೃತಕ ಮೊಲ ಅಲ್ಲ, ನಿಜವಾದ ಮೊಲವನ್ನು ಬಿಟ್ಟು ಎರಡೇ ನಾಯಿಗಳನ್ನು ಅದರ ಹಿಂದೆ ಓಡಿಸುತ್ತಿದ್ದರು. ಮೊಲವನ್ನು ಯಾವ ನಾಯಿ ಎಷ್ಟು ಸಲ ತಿರುಗಿಸಿತು ಅಂತ ಕುದುರೆ ಮೇಲೆ ಕೂತ ತೀರ್ಪುಗಾರ ಅಂಕ ಕೊಡುತ್ತಿದ್ದ. ಗೆದ್ದದ್ದು ಒಳಗೆ, ಸೋತದ್ದು ಹೊರಗೆ. 64 ನಾಯಿಗಳ ಪಟ್ಟಿ, ಗೆಲ್ಲಲು ಆರು ಸುತ್ತು. ಒಂದು ತಮಾಷೆ ನೋಡಿ: 64 ನಾಯಿಗಳಲ್ಲಿ ಇಬ್ಬಿಬ್ಬರನ್ನು ಓಡಿಸಿ ಒಂದನ್ನು ಉಳಿಸಿಕೊಳ್ಳಲು 63 ಓಟ ಬೇಕು. 192 ನಾಯಿಗಳ ಡರ್ಬಿ ಮುಗಿಸಲೂ ಸರಿಯಾಗಿ 63 ಓಟ. ಎರಡರಲ್ಲೂ ಆರೇ ಸುತ್ತು. ಆದರೆ ಗುಣ ಬೇರೆ. ವಾಟರ್‌ಲೂ ಕಪ್‌ನಲ್ಲಿ ಪ್ರತಿ ಸಲ ಗೆಲ್ಲಲೇಬೇಕು. ಡರ್ಬಿಯಲ್ಲಿ ಐದು ಸಲ ಬಚಾವಾಗಿ ಆರನೇ ಸಲ ಮಾತ್ರ ಗೆದ್ದರೂ ಹೆಸರು ಶಾಶ್ವತ. ವಾಟರ್‌ಲೂ ಕಪ್ 2005ಕ್ಕೆ ನಿಂತುಹೋಯಿತು. ಮೊಲದ ಬೇಟೆಯನ್ನು ಕಾನೂನು ನಿಷೇಧಿಸಿತು.

ಹೀಗಾಗಿ ಡರ್ಬಿಯಲ್ಲಿ ಮೂರನೇ ಜಾಗಕ್ಕೆ ನಡೆಯುವ ಹೋರಾಟವೇ ನೋಡಲು ಚೆಂದ. ಮುಂದಿರುವ ನಾಯಿ ಆರಾಮಾಗಿ ಓಡುತ್ತಿರುತ್ತದೆ. ಹಿಂದೆ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಮೂಗಿನಷ್ಟೇ ಅಂತರ. ಬ್ರಿಟನ್ನಿನಲ್ಲಿ ಅಂತರವನ್ನು ನಾಯಿಯ ಉದ್ದದ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಉದ್ದ ಅಂದರೆ 0.08 ಸೆಕೆಂಡು. ಅದಕ್ಕಿಂತ ಕಡಿಮೆಯಾದರೆ ಕುತ್ತಿಗೆ, ತಲೆ, ಚಿಕ್ಕ ತಲೆ. ಚಿಕ್ಕ ತಲೆಯ ಅಂತರದಲ್ಲಿ ನಾಲ್ಕನೆಯದಾದ ನಾಯಿಯ ತರಬೇತುದಾರನ ಮುಖ ನೋಡಬೇಕು ನೀವು. ಆರು ತಿಂಗಳ ತಯಾರಿ ಫೋಟೋ ಫಿನಿಶ್‌ನ ಒಂದು ಗೆರೆಯಲ್ಲಿ ಮುಗಿದಿರುತ್ತದೆ.

ನಾಲ್ಕನೆಯದಾಗಿ ಬಂದೂ ಡರ್ಬಿ ಗೆದ್ದದ್ದು ಇದೆ. 1968ರ ಕಮೀರಾ ಫ್ಲ್ಯಾಶ್. ಇದರ ಮಾಲೀಕ ಎಲಿಜಬೆತ್ ರಾಣಿಯ ಗಂಡ, ಎಡಿನ್‌ಬರೋದ ಡ್ಯೂಕ್ ಫಿಲಿಪ್. ಸೆಮಿಫೈನಲ್‌ನಲ್ಲಿ ಅದು ನಾಲ್ಕನೆಯದಾಯಿತು, ಕತೆ ಮುಗಿದ ಹಾಗೇ ಇತ್ತು. ಆದರೆ ಮುಂದೆ ಬಂದಿದ್ದ ನಾಯಿಯೊಂದು ಓಡುವಾಗ ಪಕ್ಕದ ನಾಯಿಯ ಜೊತೆ ಜಗಳಕ್ಕಿಳಿದಿತ್ತು ಅಂತ ಅದನ್ನು ಅನರ್ಹಗೊಳಿಸಿದರು. ಹಾಗೆ ಖಾಲಿಯಾದ ಜಾಗದಲ್ಲಿ ಕಮೀರಾ ಫ್ಲ್ಯಾಶ್ ಫೈನಲ್‌ಗೆ ಬಂತು, ಬಂದು ಗೆದ್ದೂಬಿಟ್ಟಿತು. ಅರಮನೆಯ ನಾಯಿ ಅಂತ ಒಳಗೆ ಬಿಟ್ಟರು ಎಂದು ಗೊಣಗಿದವರು ಇದ್ದೇ ಇರುತ್ತಾರೆ ಬಿಡಿ. ಫೈನಲ್‌ನಲ್ಲಿ ಮಾತ್ರ ಯಾರೂ ಅದನ್ನು ತಳ್ಳಿ ಮುಂದೆ ಕಳಿಸಿರಲಿಲ್ಲ.

ಈಗ ಓಟದ ರಾತ್ರಿಗೆ ಬರೋಣ. ಇದು ನನಗೆ ಇಷ್ಟವಾದ ಭಾಗ, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ನಾಯಿ ಮೊದಲು ಬರುವುದು ತೂಕದ ಯಂತ್ರಕ್ಕೆ. ಹಿಂದಿನ ಓಟದ ತೂಕಕ್ಕಿಂತ ಒಂದು ಕಿಲೋಗಿಂತ ಜಾಸ್ತಿ ಹೆಚ್ಚುಕಮ್ಮಿ ಆಗಿದ್ದರೆ ಆವತ್ತು ಓಡುವ ಹಾಗಿಲ್ಲ. ಮೂವತ್ತು ಮೂವತ್ತೈದು ಕಿಲೋ ತೂಗುವ ಪ್ರಾಣಿಗೆ ಒಂದು ಕಿಲೋ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಓಟಕ್ಕೆ ಮುಂಚೆ ಹೊಟ್ಟೆ ತುಂಬಾ ನೀರು ಕುಡಿಸಿ ನಾಯಿಯನ್ನು ನಿಧಾನ ಮಾಡುವುದು ಬಾಜಿ ಮೋಸದ ಹಳೆಯ ದಾರಿ. ಅದಕ್ಕೇ ಈ ಕಟ್ಟುನಿಟ್ಟು. ಆಮೇಲೆ ಕಿವಿಯ ಹಚ್ಚೆ ನೋಡುತ್ತಾರೆ, ಚಿಪ್ ನೋಡುತ್ತಾರೆ, ನಾಯಿಯ ಹೆಸರಿನ ಪುಸ್ತಕದಲ್ಲಿ ಬರೆದ ಗುರುತುಗಳಿಗೆ ತಾಳೆ ಹಾಕುತ್ತಾರೆ. ಪಶುವೈದ್ಯರು ಕಾಲು ಮುಟ್ಟಿ ನೋಡುತ್ತಾರೆ. ಮೂತ್ರದ ಮಾದರಿಯನ್ನೂ ತೆಗೆದುಕೊಳ್ಳುವುದುಂಟು. ಅಲ್ಲಿಂದ ಮುಂದೆ ಓಟದ ಹೊತ್ತಿನವರೆಗೂ ನಾಯಿ ಬೀಗ ಹಾಕಿದ ಗೂಡಿನಲ್ಲಿ ಇರುತ್ತದೆ.

ಮೈಮೇಲೆ ಜಾಕೆಟ್. ಓಟ ಶುರುವಾಗುವ ಪೆಟ್ಟಿಗೆಗೆ ಟ್ರ್ಯಾಪ್ ಅನ್ನುತ್ತಾರೆ, ಟ್ರ್ಯಾಪಿಗೊಂದು ಬಣ್ಣ. ಬಣ್ಣ ಯಾವತ್ತೂ ಬದಲಾಗುವುದಿಲ್ಲ. ಒಂದನೇ ಟ್ರ್ಯಾಪ್ ಕೆಂಪು, ಎರಡು ನೀಲಿ, ಮೂರು ಬಿಳಿ, ನಾಲ್ಕು ಕಪ್ಪು, ಐದು ಕಿತ್ತಳೆ, ಆರು ಕಪ್ಪು ಬಿಳಿ ಪಟ್ಟೆ. ನಾಯಿಯ ಹೆಸರೇ ಗೊತ್ತಿಲ್ಲದವರು ಕೂಡ 'ಬ್ಲೂ, ಬ್ಲೂ' ಅಂತ ಕೂಗಬಹುದು, ಅದಕ್ಕೇ ಈ ವ್ಯವಸ್ಥೆ. ಬಾಯಿಗೆ ಜಾಲರಿಯ ಕುಕ್ಕೆ. ಜಗಳ ಆದಾಗ ಕಚ್ಚದಿರಲಿ ಅಂತಲೂ ಹೌದು, ಫೋಟೋದಲ್ಲಿ ಮೂಗು ಸರಿಯಾಗಿ ಕಾಣಲಿ ಅಂತಲೂ ಹೌದು.

ನಾಯಿಗಳನ್ನು ಹಿಂಬಾಗಿಲಿನಿಂದ ಟ್ರ್ಯಾಪ್ ಒಳಗೆ ತಳ್ಳುತ್ತಾರೆ. ಕೆಲವು ಸುಮ್ನೆ ನಿಲ್ಲುತ್ತವೆ, ಕೆಲವು ಕುಂಯ್ ಕುಂಯ್ ಅನ್ನುತ್ತವೆ. ದೂರದಲ್ಲಿ ಕೃತಕ ಮೊಲ ಹೊರಟ ಸದ್ದು ಕೇಳುತ್ತದೆ. ಕಂಬಿಯ ಮೇಲೆ ಗಾಲಿ ಉರುಳುವ ಕಿರಗುಟ್ಟುವ ಸದ್ದು. ಅದು ಹತ್ತಿರ ಹತ್ತಿರ ಬಂದ ಹಾಗೆ ಟ್ರ್ಯಾಪ್ ಒಳಗಿನ ಗಲಾಟೆ ಜಾಸ್ತಿಯಾಗುತ್ತದೆ. ಮೊಲ ಟ್ರ್ಯಾಪ್ ದಾಟಿ ಹತ್ತು ಹನ್ನೆರಡು ಮೀಟರ್ ಮುಂದೆ ಹೋದಾಗ ಮುಂಬಾಗಿಲು ಮೇಲಕ್ಕೆ ಹಾರುತ್ತದೆ. ಚೆನ್ನಾಗಿ ಕಲಿತ ನಾಯಿ ಬಾಗಿಲು ಪೂರ್ತಿ ಏಳುವವರೆಗೂ ಕಾಯುವುದಿಲ್ಲ, ತಲೆ ತಗ್ಗಿಸಿ ಸಂದಿಯಲ್ಲೇ ನುಗ್ಗುತ್ತದೆ.

ಆಮೇಲಿನ ನಾಲ್ಕೈದು ಸೆಕೆಂಡಿನಲ್ಲಿ ಮುಕ್ಕಾಲು ಪಾಲು ಡರ್ಬಿ ನಿರ್ಧಾರವಾಗುತ್ತದೆ. ಮೊದಲ ತಿರುವು. ಗಂಟೆಗೆ 60 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಆರು ನಾಯಿಗಳು ಒಂದೇ ಸಲ ಎಡಕ್ಕೆ ತಿರುಗಬೇಕು. ಬೆಳಗ್ಗೆ ಒಂಬತ್ತು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಬಸ್ ಬಂದಾಗ ಎಲ್ಲರೂ ಒಂದೇ ಬಾಗಿಲಿಗೆ ಬೀಳುತ್ತಾರಲ್ಲ, ಹಾಗೆ. ಎಲ್ಲಕ್ಕೂ ಒಳಗಿನ ಜಾಗವೇ ಬೇಕು. ಒಂದಕ್ಕೆ ಭುಜ ತಾಗಿದರೆ ಅದು ಹೊರಗೆ ಜಾರುತ್ತದೆ, ಪಕ್ಕದ್ದನ್ನೂ ಜೊತೆಗೆ ಎಳೆಯುತ್ತದೆ. ಆರರಲ್ಲಿ ಅತೀ ವೇಗದ ನಾಯಿ ಕೂಡ ಇಲ್ಲಿ ಎಡವಿದರೆ ಆಮೇಲೆ ಚೇತರಿಸಿಕೊಂಡು ಮೂರನೆಯದಾಗುವುದೇ ದೊಡ್ಡ ಮಾತು.

ಇದನ್ನು ತಪ್ಪಿಸಲು ಬ್ರಿಟನ್ನಿನಲ್ಲಿ ನಾಯಿಗಳನ್ನು ಅವುಗಳ ಅಭ್ಯಾಸದ ಪ್ರಕಾರ ಮೂರು ಥರ ವಿಂಗಡಿಸುತ್ತಾರೆ. ಒಳಬೇಲಿಗೆ ಅಂಟಿಕೊಂಡು ಓಡುವುದು ರೇಲರ್. ನಡುವೆ ಓಡುವುದು ಮಿಡ್ಲ್. ಹೊರಗಿನಿಂದ ಸುತ್ತಿ ಬರುವುದು ವೈಡ್. ಯಾವ ನಾಯಿ ಯಾವ ಥರ ಅಂತ ತರಬೇತುದಾರ ಹೇಳುತ್ತಾನೆ. ರೇಲರ್‌ಗಳಿಗೆ ಒಂದು ಎರಡರ ಕಡೆ, ವೈಡ್‌ಗಳಿಗೆ ಐದು ಆರರ ಕಡೆ ಟ್ರ್ಯಾಪ್ ಸಿಗುವ ಹಾಗೆ ಚೀಟಿ ಎತ್ತುತ್ತಾರೆ. ಆದರೂ ಚೀಟಿ ಚೀಟಿಯೇ. ಒಂದೇ ಓಟದಲ್ಲಿ ನಾಲ್ಕು ರೇಲರ್‌ಗಳು ಬಿದ್ದರೆ ಒಂದು ಪಾಪ ನಾಲ್ಕನೇ ಟ್ರ್ಯಾಪಿನಿಂದ ಒಳಕ್ಕೆ ನುಗ್ಗಲು ಹೋಗಿ ಎಲ್ಲರನ್ನೂ ಕೆಡವುತ್ತದೆ. ಪ್ರತಿ ಸುತ್ತಿಗೂ ಹೊಸ ಚೀಟಿ. ಹಾಗಾಗಿ ಆರು ಸುತ್ತು ಅಂದರೆ ಆರು ಸಲ ಅದೃಷ್ಟದ ಪರೀಕ್ಷೆ. ನಾಯಿ ಪುಣ್ಯಕ್ಕೆ ಇದ್ಯಾವುದೂ ಅದಕ್ಕೆ ಗೊತ್ತಿಲ್ಲ.

ಈ ತಿರುವಿನ ವಿಷಯದಲ್ಲಿ ಒಂದು ಕಹಿ ಮಾತೂ ಇದೆ. ಓಟ ಯಾವಾಗಲೂ ಎಡಕ್ಕೇ ತಿರುಗುವುದರಿಂದ ಬಲಗಡೆಯ ಹಿಂಗಾಲಿನ ಮೇಲೆ ಭಾರ ಬೀಳುತ್ತದೆ. ಆ ಕಾಲಿನ ಹರಡಿನಲ್ಲಿರುವ ಚಿಕ್ಕ ಮೂಳೆ ಮುರಿಯುವುದು ಓಟದ ಗ್ರೇಹೌಂಡ್‌ಗಳಲ್ಲಿ ತೀರಾ ಸಾಮಾನ್ಯ. ಪಶುವೈದ್ಯರ ಪುಸ್ತಕಗಳಲ್ಲಿ ಅದಕ್ಕೆ ಪ್ರತ್ಯೇಕ ಅಧ್ಯಾಯವೇ ಇರುತ್ತದೆ. ಇದಕ್ಕೆ ಆಮೇಲೆ ಬರುತ್ತೇನೆ.

ಡರ್ಬಿ ದಾರಿಯ ಕತೆ ಹೇಳಿ ಅಂದರೆ ನಾನು ಹೇಳುವುದು ಒಂದೇ ನಾಯಿಯದು. ಮಿಕ್ ದಿ ಮಿಲ್ಲರ್.

1926ರಲ್ಲಿ ಐರ್ಲೆಂಡಿನ ಕಿಲೀ ಎಂಬ ಹಳ್ಳಿಯಲ್ಲಿ ಪಾದ್ರಿ ಮಾರ್ಟಿನ್ ಬ್ರೋಫಿ ಅವರ ಮನೆಯಲ್ಲಿ ಹುಟ್ಟಿದ್ದು. ಮರಿಗಳಲ್ಲೇ ಸಣಕಲು. ಆಮೇಲೆ ಡಿಸ್ಟೆಂಪರ್ ಎಂಬ ನಾಯಿ ರೋಗ ಬಂದು ಸಾಯುವ ಸ್ಥಿತಿಗೆ ಹೋಗಿ, ಡಬ್ಲಿನ್ನಿನ ಪಶುವೈದ್ಯರೊಬ್ಬರ ಆರೈಕೆಯಲ್ಲಿ ಬದುಕಿತು. 1929ರಲ್ಲಿ ಪಾದ್ರಿಗಳು ಅದನ್ನು ಡರ್ಬಿಗೆ ಅಂತ ಲಂಡನ್ನಿಗೆ ತಂದರು. ಮೊದಲ ಸುತ್ತಿನಲ್ಲೇ 525 ಗಜವನ್ನು 29.82 ಸೆಕೆಂಡಿನಲ್ಲಿ ಓಡಿತು. ಆ ದೂರವನ್ನು 30 ಸೆಕೆಂಡಿನೊಳಗೆ ಮುಗಿಸಿದ ಮೊದಲ ನಾಯಿ ಇದು. ಓಟ ಮುಗಿಯುತ್ತಲೇ ಜನ ಪಾದ್ರಿಗಳನ್ನು ಮುತ್ತಿಕೊಂಡರು. ಬುಕ್ಕಿ ಆಲ್ಬರ್ಟ್ ವಿಲಿಯಮ್ಸ್ 800 ಗಿನಿ (ಒಂದು ಗಿನಿ ಅಂದರೆ ಪೌಂಡಿಗಿಂತ ಸ್ವಲ್ಪ ಜಾಸ್ತಿ) ಕೊಟ್ಟು ಕೊಂಡರು. ಅಂದಿನ ದಿನಕ್ಕೆ ಅದು ದೊಡ್ಡ ಮೊತ್ತವೇ. ಸ್ಪರ್ಧೆಯ ಮಧ್ಯದಲ್ಲೇ ನಾಯಿಯ ಮಾಲೀಕ ಬದಲಾದ.

ಫೈನಲ್ ದಿನ ಟ್ರ್ಯಾಪ್ ತೆರೆಯಿತು. ಪಲಟೈನಸ್ ಎಂಬ ನಾಯಿ ಮುಂದೆ ಚಿಮ್ಮಿತು. ಮೊದಲ ತಿರುವಿನಲ್ಲೇ ಮಿಕ್ ಮತ್ತು ಇನ್ನೆರಡು ನಾಯಿಗಳು ಡಿಕ್ಕಿ ಹೊಡೆದುಕೊಂಡವು. ಮಿಕ್‌ನ ಆಸೆ ಅಲ್ಲಿಗೆ ಮುಗಿಯಿತು. ಆದರೆ ತೀರ್ಪುಗಾರರು ಓಟವನ್ನೇ ರದ್ದು ಮಾಡಿದರು. ಮತ್ತೆ ಓಡಿಸಿದಾಗ ಮಿಕ್ ಆರಾಮಾಗಿ ಗೆದ್ದಿತು.

ಮರುವರ್ಷ, 1930ರಲ್ಲಿ, ಮತ್ತೆ ಗೆದ್ದಿತು. ಅಷ್ಟರಲ್ಲಿ ಅದು 2,000 ಗಿನಿಗೆ ಮತ್ತೊಮ್ಮೆ ಕೈ ಬದಲಾಗಿತ್ತು, ತರಬೇತಿ ಸಿಡ್ನಿ ಆರ್ಟನ್ ಅವರ ಕೈಯಲ್ಲಿ. ಸತತ 19 ಓಟ ಗೆದ್ದ ದಾಖಲೆಯೂ ಅದರ ಹೆಸರಿಗೆ ಸೇರಿತ್ತು. ಜನ ಅದರ ವೇಗಕ್ಕಿಂತ ತಲೆಯನ್ನು ಹೊಗಳುತ್ತಿದ್ದರು. ಮುಂದೆ ಗುಂಪು ಕಟ್ಟಿದರೆ ಮಿಕ್ ಅದರೊಳಗೆ ನುಗ್ಗುತ್ತಿರಲಿಲ್ಲವಂತೆ. ಅರೆಕ್ಷಣ ತಡೆದು, ಸಂದಿ ಸಿಕ್ಕ ಕಡೆ ತೂರುತ್ತಿತ್ತಂತೆ. ನಾಯಿಗೆ ಅಷ್ಟು ಲೆಕ್ಕಾಚಾರ ಇರುತ್ತದೋ ಇಲ್ಲವೋ, ನಾಲ್ಕನೆಯದಾಗದಿರುವ ವಿದ್ಯೆ ಮಾತ್ರ ಅದಕ್ಕೆ ಕರಗತವಾಗಿತ್ತು.

1931ಕ್ಕೆ ಮಿಕ್‌ಗೆ ಐದು ವರ್ಷ. ಓಟದ ನಾಯಿಗೆ ಅದು ಮುದಿ ವಯಸ್ಸು. ಆದರೂ ಸುತ್ತು ಸುತ್ತು ದಾಟಿ ಮೂರನೇ ಸಲ ಫೈನಲ್‌ಗೆ ಬಂತು. ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣ ಕಿಕ್ಕಿರಿದಿತ್ತು. ಕೊನೆಯ ತಿರುವಿನ ಹೊತ್ತಿಗೆ ಮಿಕ್ ಹಿಂದಿತ್ತು. ಮುಂದಿದ್ದ ರೈಲ್ಯಾಂಡ್ ಆರ್ ಓಡುತ್ತಲೇ ಜಗಳಕ್ಕಿಳಿಯಿತು. ಮಿಕ್ ಅದೇ ಸಂದಿಯಲ್ಲಿ ತೂರಿ ಎಲ್ಲರಿಗಿಂತ ಮೊದಲು ಗೆರೆ ದಾಟಿತು. ಜನ ಹುಚ್ಚೆದ್ದು ಕೂಗಿದರು. ಆದರೆ ಓಟ ರದ್ದು ಎಂಬ ಭೋಂಗಾ ಮೊಳಗಿತ್ತು. ಮತ್ತೆ ಓಡಿಸಿದರು. ಐದು ವರ್ಷದ ಕಾಲುಗಳಲ್ಲಿ ಇನ್ನೊಂದು ಓಟಕ್ಕೆ ಶಕ್ತಿ ಉಳಿದಿರಲಿಲ್ಲ. ಸೆಲ್ಡಮ್ ಲೆಡ್ ಗೆದ್ದಿತು. ಮಿಕ್ ಬಂದದ್ದು ಎಷ್ಟನೆಯದಾಗಿ ಗೊತ್ತಾ? ನಾಲ್ಕನೆಯದಾಗಿ.

ಎರಡು ವರ್ಷದ ಹಿಂದೆ ರದ್ದಾದ ಓಟ ಅದನ್ನು ಉಳಿಸಿತ್ತು, ಈ ಸಲ ರದ್ದಾದ ಓಟ ಅದರಿಂದ ಕಿತ್ತುಕೊಂಡಿತು. ಅದೇ ವರ್ಷ ಸೇಂಟ್ ಲೆಜರ್ ಎಂಬ ಇನ್ನೊಂದು ದೊಡ್ಡ ಓಟ ಗೆದ್ದು ಮಿಕ್ ನಿವೃತ್ತಿಯಾಯಿತು. ಸಿನಿಮಾದಲ್ಲಿ ಕಾಣಿಸಿಕೊಂಡಿತು. 1939ರಲ್ಲಿ ಸತ್ತಿತು. ಟ್ರಿಂಗ್ ಊರಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಅದರ ದೇಹವನ್ನು ತುಂಬಿ ಇಟ್ಟಿದ್ದಾರೆ, ಈಗಲೂ ನೋಡಬಹುದು. ಆಮೇಲೆ ಡರ್ಬಿಯನ್ನು ಎರಡು ಸಲ ಗೆದ್ದ ನಾಯಿಗಳು ಮೂರೇ. ಪ್ಯಾಟ್ರೀಷಿಯಾಸ್ ಹೋಪ್ 1972, 73ರಲ್ಲಿ. ರ‍್ಯಾಪಿಡ್ ರೇಂಜರ್ 2000, 2001ರಲ್ಲಿ. ವೆಸ್ಟ್‌ಮೀಡ್ ಹಾಕ್ 2005, 2006ರಲ್ಲಿ. ಮೂರು ಸಲ ಗೆದ್ದದ್ದು ಇಲ್ಲ.

ಇವುಗಳಲ್ಲಿ ನನಗೆ ವೆಸ್ಟ್‌ಮೀಡ್ ಹಾಕ್ ಮೇಲೆ ಸ್ವಲ್ಪ ಮೋಹ. ಟ್ರ್ಯಾಪಿನಿಂದ ಹೊರಡುವುದೇ ನಿಧಾನ. ಮೊದಲ ತಿರುವಿಗೆ ಬರುವಾಗ ಎಲ್ಲರ ಹಿಂದೆ. ನೋಡುವವರ ಎದೆ ಹಾರಬೇಕು. ಕೊನೆಯ ನೂರು ಮೀಟರಿನಲ್ಲಿ ಒಂದೊಂದನ್ನೇ ಹಿಂದೆ ಹಾಕಿ ಬರುತ್ತಿತ್ತು. ಮುಂದಿರುವವು ತಿರುವಿನಲ್ಲಿ ಗುದ್ದಾಡಿಕೊಳ್ಳುತ್ತಿದ್ದಾಗ ಇದು ಹಿಂದೆ ಕ್ಷೇಮವಾಗಿರುತ್ತಿತ್ತು ಅನ್ನುವುದೂ ನಿಜ. ತರಬೇತುದಾರ ನಿಕ್ ಸಾವಾ. ಇನ್ನೊಬ್ಬ ತರಬೇತುದಾರ ಚಾರ್ಲಿ ಲಿಸ್ಟರ್ ಅವರ ಹೆಸರನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1997ರಿಂದ 2013ರ ನಡುವೆ ಏಳು ಡರ್ಬಿ ಗೆದ್ದವರು ಅವರು.

ಇಷ್ಟೊಂದು ಜನ ನಾಯಿ ಓಟ ನೋಡಲು ಯಾಕೆ ಬರುತ್ತಿದ್ದರು? ಇದಕ್ಕೆ ಉತ್ತರ ನಾಯಿಯಲ್ಲಿ ಇಲ್ಲ, ಕಾನೂನಿನಲ್ಲಿದೆ. ಕಂಬಿಯ ಮೇಲೆ ಓಡುವ ಕೃತಕ ಮೊಲವನ್ನು ಅಮೆರಿಕದ ಓವನ್ ಪ್ಯಾಟ್ರಿಕ್ ಸ್ಮಿತ್ ರೂಪಿಸಿದರು. ಅದನ್ನು ಇಂಗ್ಲೆಂಡಿಗೆ ತಂದು 1926ರ ಜುಲೈ 24ರಂದು ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ ಮೊದಲ ಓಟ ನಡೆಸಿದರು. ಮೊದಲ ದಿನ ಬಂದದ್ದು ಸುಮಾರು 1,700 ಜನ. ಕೆಲವೇ ವಾರಗಳಲ್ಲಿ ಅದು ಸಾವಿರಾರು ಆಯಿತು, ಮರುವರ್ಷವೇ ಡರ್ಬಿಯೂ ಬಂತು. ಆಗ ಇಂಗ್ಲೆಂಡಿನಲ್ಲಿ ರೇಸ್ ಮೈದಾನದ ಹೊರಗೆ ನಗದು ಕೊಟ್ಟು ಬಾಜಿ ಕಟ್ಟುವುದು ಅಪರಾಧ. ಟೆಲಿಫೋನು, ಬುಕ್ಕಿಯ ಹತ್ತಿರ ಖಾತೆ ಇರುವ ಶ್ರೀಮಂತನಿಗೆ ಮನೆಯಿಂದಲೇ ಅವಕಾಶ ಇತ್ತು. ಕೂಲಿಯವನಿಗೆ ಇರಲಿಲ್ಲ. ಕುದುರೆ ರೇಸು ಊರಾಚೆ, ಅದೂ ಹಗಲಲ್ಲಿ, ಅವನು ಕೆಲಸದಲ್ಲಿರುವಾಗ. ನಾಯಿ ಓಟ ಊರೊಳಗೆ, ಸಂಜೆ, ವಿದ್ಯುತ್ ದೀಪದಲ್ಲಿ. ನಡೆದುಕೊಂಡೇ ಹೋಗಿ ಕಾನೂನುಬದ್ಧವಾಗಿ ಎರಡು ಶಿಲಿಂಗ್ ಕಟ್ಟಬಹುದು. ಜನ ಮುಗಿಬಿದ್ದರು.

1961ರಲ್ಲಿ ಬಾಜಿ ಅಂಗಡಿಗಳಿಗೆ ಪರವಾನಗಿ ಸಿಕ್ಕಿತು. ಬೀದಿ ಕೊನೆಯಲ್ಲೇ ಬಾಜಿ ಕಟ್ಟಬಹುದು ಅಂದಮೇಲೆ ಚಳಿಯಲ್ಲಿ ಮೈದಾನಕ್ಕೆ ಯಾರು ಹೋಗುತ್ತಾರೆ? ಅಲ್ಲಿಂದ ಇಳಿಗಾಲ. ಆದರೂ 1966ರಲ್ಲಿ ನಾಯಿ ಓಟಕ್ಕೆ ಎಷ್ಟು ಧಿಮಾಕು ಇತ್ತು ನೋಡಿ. ಫುಟ್‌ಬಾಲ್ ವಿಶ್ವಕಪ್ ಇಂಗ್ಲೆಂಡಿನಲ್ಲೇ ನಡೆಯುತ್ತಿತ್ತು. ಉರುಗ್ವೆ ಮತ್ತು ಫ್ರಾನ್ಸ್ ಪಂದ್ಯ ಶುಕ್ರವಾರ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಆಗಬೇಕಿತ್ತು. ಶುಕ್ರವಾರ ನಮ್ಮ ನಾಯಿ ಓಟ ಇದೆ, ರದ್ದು ಮಾಡುವುದಿಲ್ಲ ಅಂತ ವೆಂಬ್ಲಿಯವರು ಪಟ್ಟು ಹಿಡಿದರು. ವಿಶ್ವಕಪ್ ಪಂದ್ಯವೇ ಜಾಗ ಬಿಟ್ಟು ವೈಟ್ ಸಿಟಿಗೆ ಹೋಯಿತು.

ಆ ವೈಟ್ ಸಿಟಿ 1908ರ ಒಲಿಂಪಿಕ್ಸ್‌ಗೆ ಕಟ್ಟಿದ ಕ್ರೀಡಾಂಗಣ. ಡರ್ಬಿಯ ಮೊದಲ ಮನೆ. 1984ರಲ್ಲಿ ಅದನ್ನು ಮುಚ್ಚಿದರು, ಮರುವರ್ಷ ಕೆಡವಿದರು, ಆ ಜಾಗದಲ್ಲಿ ಬಿಬಿಸಿಯ ಕಟ್ಟಡಗಳು ಎದ್ದವು. ಡರ್ಬಿ ವಿಂಬಲ್ಡನ್‌ಗೆ ಹೋಯಿತು. ಟೆನಿಸ್ ವಿಂಬಲ್ಡನ್ ಅಲ್ಲ, ಅದೇ ಊರಿನ ನಾಯಿ ಓಟದ ಮೈದಾನ. 2017ರಲ್ಲಿ ಅದನ್ನೂ ಮುಚ್ಚಿದರು, ಈಗ ಅಲ್ಲಿ ಫುಟ್‌ಬಾಲ್ ಕ್ರೀಡಾಂಗಣ ಇದೆ. ಟೋಸ್ಟರ್‌ಗೆ ಹೋಯಿತು. 2018ರಲ್ಲಿ ಟೋಸ್ಟರ್ ದಿವಾಳಿಯಾಯಿತು. ಎರಡು ವರ್ಷ ನಾಟಿಂಗ್‌ಹ್ಯಾಮ್. 2021ರಿಂದ ಮತ್ತೆ ಟೋಸ್ಟರ್. ಲಂಡನ್ನಿನ ರಿಯಲ್ ಎಸ್ಟೇಟ್ ಬೆಲೆ ಎಷ್ಟು ಏರಿತು ಅಂತ ನೋಡಲು ಡರ್ಬಿಯ ಈ ವಿಳಾಸಗಳ ಪಟ್ಟಿ ಸಾಕು. ಲಂಡನ್ನಿನಲ್ಲಿ ಈಗ ಉಳಿದಿರುವುದು ರಾಮ್‌ಫರ್ಡ್ ಒಂದೇ.

ಹೆಸರು ಇಂಗ್ಲಿಷ್ ಡರ್ಬಿ, 2019ರಿಂದ 2024ರವರೆಗೆ ಹೆಚ್ಚಾಗಿ ಗೆದ್ದವರು ಮಾತ್ರ ಐರ್ಲೆಂಡಿನಲ್ಲಿ ನಾಯಿ ಸಾಕುವ ತರಬೇತುದಾರರು. 2019ರಲ್ಲಿ ಪಾಲ್ ಹೆನೆಸಿ, 2020ರಲ್ಲಿ ಪ್ಯಾಟ್ ಬಕ್ಲಿ, 2022 ಮತ್ತು 2023ರಲ್ಲಿ ಗ್ರಹಾಂ ಹಾಲೆಂಡ್, 2024ರಲ್ಲಿ ಲಿಯಾಮ್ ಡೌಲಿಂಗ್. ನಡುವೆ 2021ರಲ್ಲಿ ಮಾತ್ರ ಇಂಗ್ಲೆಂಡಿನಲ್ಲಿ ನಾಯಿ ಸಾಕುವ ಪ್ಯಾಟ್ರಿಕ್ ಯಾನ್ಸನ್ಸ್. ಐರ್ಲೆಂಡಿನವರಿಗೆ ಸಮುದ್ರ ದಾಟಿ ಬರುವ ಕಷ್ಟವೂ ಇದೆ. ಹಡಗಿನ ಪ್ರಯಾಣ, ಹೊಸ ಗೂಡು, ಹೊಸ ನೀರು. ಅಷ್ಟಾಗಿಯೂ ಅವರೇ ಮುಂದೆ ಅಂದರೆ ನಾಯಿ ತಳಿ ಬೆಳೆಸುವುದರಲ್ಲಿ ಅವರ ಕೈ ಎಷ್ಟು ಪಳಗಿದೆ ಅಂತ ಅರ್ಥವಾಗುತ್ತದೆ, ಅಲ್ವಾ?

ಮೊದಲು ಬಿಟ್ಟ ಮಾತಿಗೆ ಈಗ ಬರುತ್ತೇನೆ. ಓಡಲಾಗದ ನಾಯಿಯ ಗತಿ ಏನು? ಬಹಳ ಕಾಲ ಈ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳಲಿಲ್ಲ. 2006ರಲ್ಲಿ ಇಂಗ್ಲೆಂಡಿನ ಸೀಹ್ಯಾಮ್ ಎಂಬಲ್ಲಿ ಒಬ್ಬ ವ್ಯಾಪಾರಿ ವರ್ಷಗಟ್ಟಲೆ ಸಾವಿರಾರು ಗ್ರೇಹೌಂಡ್‌ಗಳನ್ನು ಕೊಂದು ಹೂಳುತ್ತಿದ್ದ ಸುದ್ದಿ ಪತ್ರಿಕೆಯಲ್ಲಿ ಬಂತು. ದೇಶವೇ ಬೆಚ್ಚಿತು. ವಿಚಾರಣೆ ಆಯಿತು, 2010ರಲ್ಲಿ ಓಟದ ಗ್ರೇಹೌಂಡ್‌ಗಳ ಕ್ಷೇಮಕ್ಕೆ ಪ್ರತ್ಯೇಕ ನಿಯಮಗಳು ಬಂದವು. ಪ್ರತಿ ಮೈದಾನದಲ್ಲೂ ಪಶುವೈದ್ಯ ಕಡ್ಡಾಯವಾಯಿತು. ಗಾಯ, ಸಾವುಗಳ ಲೆಕ್ಕವನ್ನು ಗ್ರೇಹೌಂಡ್ ಓಟ ನಡೆಸುವ ಮಂಡಳಿ ಈಗ ಪ್ರತಿವರ್ಷ ಪ್ರಕಟಿಸುತ್ತದೆ. ಆದರೂ 2022ರಲ್ಲಿ ಆರ್‌ಎಸ್‌ಪಿಸಿಎ, ಡಾಗ್ಸ್ ಟ್ರಸ್ಟ್, ಬ್ಲೂ ಕ್ರಾಸ್ ಎಂಬ ಪ್ರಾಣಿ ಕ್ಷೇಮದ ಸಂಸ್ಥೆಗಳು ಮೂರೂ ಸೇರಿ ಈ ಓಟವನ್ನೇ ಹಂತಹಂತವಾಗಿ ನಿಲ್ಲಿಸಿ ಅಂದವು. ಅಮೆರಿಕದ ಫ್ಲೋರಿಡಾದಲ್ಲಿ 2018ರಲ್ಲಿ ಜನ ಮತ ಹಾಕಿ ನಿಷೇಧಿಸಿದರು. ನ್ಯೂಜಿಲೆಂಡ್ 2024ರ ಡಿಸೆಂಬರಿನಲ್ಲಿ, ವೇಲ್ಸ್ 2025ರ ಫೆಬ್ರವರಿಯಲ್ಲಿ ನಿಷೇಧದ ನಿರ್ಧಾರ ಪ್ರಕಟಿಸಿದವು. ನಿಯಮಗಳಿಂದ ಗೂಡು ಸುಧಾರಿಸಬಹುದು, ನಿವೃತ್ತ ನಾಯಿಗೆ ಮನೆ ಹುಡುಕಬಹುದು. ಆದರೆ ಆರು ನಾಯಿಗಳನ್ನು ಆ ವೇಗದಲ್ಲಿ ಒಂದೇ ತಿರುವಿಗೆ ನುಗ್ಗಿಸುವವರೆಗೂ ಕಾಲು ಮುರಿಯುವುದು ತಪ್ಪುವುದಿಲ್ಲ. ಮೊದಲ ತಿರುವೇ ಈ ಆಟದ ರುಚಿ, ಮೊದಲ ತಿರುವೇ ಇದರ ಪಾಪ. ಎರಡನ್ನೂ ಬೇರೆ ಮಾಡಲು ಇನ್ನೂ ಯಾರಿಗೂ ಆಗಿಲ್ಲ.

ಮಾತು ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ ನಿರೀಕ್ಷೆ ಮಾಡಿದ್ದೇ: 'ಸಾರ್, ನಮ್ಮ ಮುಧೋಳ ನಾಯಿ ಬಿಟ್ಟರೆ ಹೇಗೆ?'

ಬಿಡಲು ಆಗುವುದಿಲ್ಲ. ವಂಶಾವಳಿ ದಾಖಲಾದ ಗ್ರೇಹೌಂಡ್‌ಗೆ ಮಾತ್ರ ಪ್ರವೇಶ. ಆದರೆ ಪ್ರಶ್ನೆ ಚೆನ್ನಾಗಿದೆ. ಎರಡೂ ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿಗಳೇ. ಉದ್ದ ಕಾಲು, ಸಣ್ಣ ಸೊಂಟ, ಆಳವಾದ ಎದೆ. ಗ್ರೇಹೌಂಡನ್ನು ಅರ್ಧ ನಿಮಿಷದ ಓಟಕ್ಕೆ ಅಂತಲೇ ತಲೆಮಾರುಗಳಿಂದ ಬೆಳೆಸಿದ್ದಾರೆ. ಮುಧೋಳ ನಾಯಿ ಬಯಲುಸೀಮೆಯ ಬಿಸಿಲಲ್ಲಿ ದೂರ ಓಡುವ ಪ್ರಾಣಿ. 500 ಮೀಟರಿಗೆ ಗ್ರೇಹೌಂಡ್ ಗೆಲ್ಲುತ್ತದೆ. ಬಾಗಲಕೋಟೆಯ ಏಪ್ರಿಲ್ ಮಧ್ಯಾಹ್ನ ಐದು ಕಿಲೋಮೀಟರ್ ಓಡಿಸಿದರೆ ನಾನು ಮುಧೋಳದ ಮೇಲೆ ದುಡ್ಡು ಕಟ್ಟುತ್ತೇನೆ. (ಇಲ್ಲಿ ಚಪ್ಪಾಳೆ ಬಿತ್ತು. ಸಭೆಯಲ್ಲಿ ಆ ಕಡೆಯವರು ಜಾಸ್ತಿ ಇದ್ದರು ಅಂತ ಕಾಣುತ್ತದೆ.)

ಒಬ್ಬ ಅಮ್ಮ ಕೇಳಿದರು: 'ಹೆಣ್ಣು ನಾಯಿ ಗೆದ್ದಿಲ್ವೇನಪ್ಪಾ?' ಗೆದ್ದಿವೆ ಅಮ್ಮಾ, ಆದರೆ ಅಪರೂಪ. 1935ರಲ್ಲಿ ಗ್ರೆಟಾ ರನೀ, 1949ರಲ್ಲಿ ನ್ಯಾರೋಗಾರ್ ಆ್ಯನ್, 1971ರಲ್ಲಿ ಡೊಲೋರೆಸ್ ರಾಕೆಟ್, 1979ರಲ್ಲಿ ಸಾರಾಸ್ ಬನ್ನಿ. ಗಂಡು ನಾಯಿಗೆ ಮೈಯಲ್ಲಿ ತೂಕ ಜಾಸ್ತಿ, ತಿರುವಿನಲ್ಲಿ ಭುಜ ಕೊಡುವಾಗ ಅದು ಸಹಾಯಕ್ಕೆ ಬರುತ್ತದೆ. ಹೆಣ್ಣು ನಾಯಿ ಬೆದೆಗೆ ಬಂದರೆ ಆ ವರ್ಷದ ಡರ್ಬಿಯೇ ಕೈತಪ್ಪುತ್ತದೆ, ಓಡಿಸುವ ಹಾಗಿಲ್ಲ. ಒಂದು ತಿಂಗಳ ಮೇಲೆ ನಡೆಯುವ ಸ್ಪರ್ಧೆಯಲ್ಲಿ ಅದು ದೊಡ್ಡ ಅಡ್ಡಿ.

ಕೊನೆಗೆ ಒಬ್ಬ ಹುಡುಗ ನೇರವಾಗಿ ಕೇಳಿದ: 'ಇಷ್ಟೆಲ್ಲಾ ಗೊತ್ತಿದ್ದೂ ನೀವು ಇನ್ನೂ ನೋಡ್ತೀರಾ?'

ನೋಡುತ್ತೇನೆ. ಬಾಜಿ ಕಟ್ಟುವುದಿಲ್ಲ. ಇಂಗ್ಲೆಂಡಿನಲ್ಲೂ ನಿಂತುಹೋದರೆ ಬೇಜಾರಾಗುತ್ತದೆ, ಆದರೆ ನಿಲ್ಲಿಸಬೇಡಿ ಅಂತ ವಾದ ಮಾಡಲು ನಾನು ಹೋಗುವುದಿಲ್ಲ. ನೀನು ಒಂದೇ ಒಂದು ರಾತ್ರಿ ನೋಡುವುದಾದರೆ ಫೈನಲ್ ಬೇಡ, ಕ್ವಾರ್ಟರ್ ಫೈನಲ್ ನೋಡು. ನಾಲ್ಕು ಓಟ, 24 ನಾಯಿ, 12 ಮನೆಗೆ. ಗೆಲ್ಲುವ ನಾಯಿಯನ್ನು ಎಲ್ಲರೂ ನೋಡುತ್ತಾರೆ. ನೀನು ಮೂರನೇ ತಿರುವಿನಲ್ಲಿ ಐದನೆಯದಾಗಿರುವುದರ ಮೇಲೆ ಕಣ್ಣಿಡು.